ತಂಬಾಕು ಮುಕ್ತ ಗ್ರಾಮಕ್ಕೆ ಸ್ವಾಗತ

ಕುಶಾಲನಗರ ತಾಲ್ಲೂಕು
೧೪ ಜೂನ್ ೨೦೨೫

ಪ್ರೀತಿಯ ಉಷಕ್ಕನಿಗೆ,

ನಿನ್ನ ತಂಗಿ ತೇಜುವಿನ ನಮಸ್ಕಾರ. ಪಾಪುವಿಗೆ ಹಲ್ಲು ಬಂತೆಂದು ನೀನು ತಿಳಿಸಿ ಎಷ್ಟು ದಿನವಾಯಿತೋ, ನಾನು ಒಂದು ಸಾಲನ್ನೂ ಬರೆಯಲಿಲ್ಲ. ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಫೋನ್ ಮಾಡಬಹುದಿತ್ತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಜ್ಜಿಯ ಮಂಚದ ಪಕ್ಕದಲ್ಲಿ ಮಾತ್ರ, ಹೇಳಬೇಕಾದದ್ದೋ ಅಜ್ಜಿಯ ವಿಷಯ. ನಮ್ಮಜ್ಜಿ ಶ್ರೀಮತಿ ರಂಗಮ್ಮನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೊಗೆಸೊಪ್ಪು ಬಿಡು ಎಂದು ನಾನು ಹಟ ಹಿಡಿದೆ. ಅವಳು ನನ್ನನ್ನೇ ಬಿಟ್ಟಳು.

ಮೊದಲಿನಿಂದ ಹೇಳುತ್ತೇನೆ. ಮೇ ಮೂವತ್ತೊಂದು ತಂಬಾಕು ವಿರೋಧಿ ದಿನ. ಪಂಚಾಯ್ತಿಯವರ ಬೆನ್ನು ಹತ್ತಿ, ಪೇಂಟರ್ ಪ್ರವೀಣನ ಕೈಯಲ್ಲಿ ಊರ ಬಾಗಿಲಿಗೆ ಬೋರ್ಡ್ ಬರೆಸಿ ಹಾಕಿಸಿದೆ: ‘ತಂಬಾಕು ಮುಕ್ತ ಗ್ರಾಮಕ್ಕೆ ಸ್ವಾಗತ’. ಆ ರಾತ್ರಿ ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ, ಇಷ್ಟು ದಿನ ಹೊಗೆಸೊಪ್ಪಿನ ಕಟ್ಟನ್ನು ಅಕ್ಕಿ ಮೂಟೆಯ ಹಿಂದೆ ಇಡುತ್ತಿದ್ದ ಅಂಗಡಿ ಸಿದ್ದಣ್ಣ ಅದನ್ನು ಬಾಳೆಗೊನೆಯ ಪಕ್ಕದಲ್ಲೇ ತೋರಣದ ಹಾಗೆ ತೂಗುಹಾಕಿದ್ದಾನೆ. ಕೇಳಿದರೆ ನನ್ನನ್ನೇ ಹೊಗಳಿದ.

“ಪಂಚಾಯ್ತಿನೇ ಓಪನ್ ಮಾಡೈತಲ್ಲ ತಂಗಿ. ನಿನ್ನಿಂದ ಒಳ್ಳೇದಾಯ್ತು.”

ಮುಕ್ತ ಅಂದರೆ ಇಲ್ಲದ್ದು, ರೋಗಮುಕ್ತ, ಋಣಮುಕ್ತ ಅನ್ನುವುದಿಲ್ಲವೇ ಎಂದು ವಿವರಿಸಿದೆ. ಅವನು ಶಾಂತವಾಗಿ ಕೇಳಿಸಿಕೊಂಡು, ಹೋದ ತಿಂಗಳು ನಡೆದ ‘ಮುಕ್ತ ಕಬಡ್ಡಿ ಪಂದ್ಯಾವಳಿ’ಯನ್ನು ನೆನಪಿಸಿದ. ಮುಕ್ತ ಅಂದರೆ ಇಲ್ಲದ್ದು ಅನ್ನುವುದಾದರೆ, ಅವತ್ತು ಬೆಳಗಾಗುವವರೆಗೆ ಮೈದಾನದಲ್ಲಿ ಅವನು ನೋಡಿದ್ದು ಏನಂತೆ? ಅಷ್ಟರಲ್ಲಿ ದುಬಾರೆಗೆ ಹೊರಟಿದ್ದ ಪ್ರವಾಸಿಗರ ಕಾರೊಂದು ನಿಂತಿತು. ಇಲ್ಲಿ ತಂಬಾಕು ಫ್ರೀಯಂತೆ, ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸಿದರು. ಸಿದ್ದಣ್ಣ ಕೈ ತೋರಿಸಿದ್ದು ನನ್ನ ಕಡೆಗೆ.

ಅಕ್ಕ, ನಾನೇನೂ ಅರೆಬರೆ ತಿಳಿದು ಹೊರಟವಳಲ್ಲ. ಆರೋಗ್ಯ ಕೇಂದ್ರದ ಕರಪತ್ರಗಳೆಲ್ಲ ನನಗೆ ಬಾಯಿಪಾಠ. ಸಣ್ಣ ದೇಶಗಳ ಕಾನೂನು ಸಣ್ಣದಾಗಿರಬೇಕೆಂದೇನೂ ಇಲ್ಲ. ನೇಪಾಳದಲ್ಲಿ ಪೊಟ್ಟಣದ ಮೇಲೆ ಕಂಪನಿಯ ಹೆಸರಿಗಿಂತ ಹುಣ್ಣಿನ ಚಿತ್ರವೇ ದೊಡ್ಡದು. ಥಾಯ್ಲೆಂಡ್ ಪೊಟ್ಟಣದ ಬಣ್ಣ ಬೆಡಗನ್ನೇ ಕಿತ್ತುಹಾಕಿದೆ. ಉರುಗ್ವೆ ಎಂಬ ಪುಟ್ಟ ದೇಶ ಸಿಗರೇಟ್ ಕಂಪನಿಯೊಂದು ತನ್ನ ಮೇಲೆ ಹೂಡಿದ ದಾವೆಯನ್ನು ಗೆದ್ದಿದೆ. ಭೂತಾನ್ ಮಾರಾಟವನ್ನೇ ನಿಲ್ಲಿಸಿತ್ತು. ಕಳ್ಳಸಾಗಣೆ ತಡೆಯಲಾಗದೆ ಮತ್ತೆ ಬಿಟ್ಟಿತು. ನಮ್ಮ ಕಾನೂನೂ ಕಡಿಮೆಯದಲ್ಲ. ಆದರೆ ಸಿದ್ದಣ್ಣ ಎಲೆ ಕಿತ್ತು ಹಳೇ ಪೇಪರಿನಲ್ಲಿ ಸುತ್ತಿಕೊಡುವ ಹೊಗೆಸೊಪ್ಪಿಗೆ ಪೊಟ್ಟಣ ಎಲ್ಲಿದೆ? ಪೊಟ್ಟಣವಿಲ್ಲದ ಮೇಲೆ ಚಿತ್ರವನ್ನು ಎಲ್ಲಿ ಹಾಕುವುದು? ದೇಶದೇಶಗಳ ಕಾನೂನೆಲ್ಲ ಹೊಸಿಲಿನವರೆಗೆ ಬಂದು, ಒಳಗೆ ಕಾಲಿಡಲು ದಾರಿ ಕಾಣದೆ ನಿಂತುಬಿಟ್ಟಿದೆ.

ಇದನ್ನೆಲ್ಲ ಅಜ್ಜಿಗೂ ಹೇಳಿದೆ. ಆ ಊರುಗಳಲ್ಲೂ ಮೊಮ್ಮಕ್ಕಳು ಅಜ್ಜಿಯರನ್ನು ಹೀಗೇ ಗೋಳು ಹುಯ್ದುಕೊಳ್ಳುತ್ತಾರಾ ಎಂದು ಕೇಳಿದಳು. ತಂಬಾಕು ಒಳ್ಳೆಯದಲ್ಲ ಅಂದದ್ದಕ್ಕೆ ತಕ್ಷಣ ಒಪ್ಪಿದಳು. ತಂಬಾಕು ಸಿಗರೇಟಿಗೆ ಹೋಗುವುದು, ಅದು ಕೆಟ್ಟದ್ದೇ ಅಂದಳು.

“ನಾನು ಹಾಕ್ಕೊಳೋದು ಹೊಗೆಸೊಪ್ಪು. ಸೊಪ್ಪು ಕಣೇ, ಸೊಪ್ಪು. ಡಾಕ್ಟ್ರೇ ತಿನ್ನಿ ಅಂತಾರೆ.”

ಆಗ ನನಗೆ ಹಟ ಬಂತು. ರಸ್ತೆಯಲ್ಲಿ ಬಿದ್ದಿದ್ದ ಗುಟ್ಕಾ ಪೊಟ್ಟಣದಿಂದ ಬಾಯಿ ಹುಣ್ಣಿನ ಚಿತ್ರವನ್ನು ಕತ್ತರಿಸಿ, ಅವಳ ಎಲೆಅಡಿಕೆ ಡಬ್ಬಿಯ ಮುಚ್ಚಳಕ್ಕೆ ಗಟ್ಟಿಯಾಗಿ ಅಂಟಿಸಿದೆ. ಸರ್ಕಾರ ಮಾಡದ್ದನ್ನು ನಾನು ಮಾಡಿದೆ. ಹೆದರುತ್ತಾಳೆ ಅಂದುಕೊಂಡರೆ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಪಾಪ, ಯಾವ ಊರಿನವನು, ಮನೆಯವರು ಮದುವೆ ಮುಂಜಿಯಲ್ಲಿ ಮುಖ ತೋರಿಸುವುದು ಹೇಗೆ ಎಂದು ವಿಚಾರಿಸಿದಳು. ಅವತ್ತಿನಿಂದ ಮಾತು ನಿಂತಿದೆ. ಈಗ ಎಲ್ಲವೂ ಕೈಸನ್ನೆ, ‘ಹೂಂ’, ‘ಉಹೂಂ’.

ಮಾತು ಮಾತ್ರವಲ್ಲ, ನನ್ನ ಅಡುಗೆಗೂ ಬಹಿಷ್ಕಾರ. ಸಾರನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಾಳೆ. ಹಾಲನ್ನವನ್ನು ಗಂಜಿಯ ಹಾಗೆ ಕಿವುಚಿ, ಗೋಡೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು ಉಣ್ಣುತ್ತಾಳೆ. ಇಷ್ಟು ಶಿಸ್ತಾದ ಸತ್ಯಾಗ್ರಹವನ್ನು ನಾನು ಯಾವ ಕರಪತ್ರದಲ್ಲೂ ಓದಿಲ್ಲ. ನಾನೂ ಸೋಲುವವಳಲ್ಲ, ಅವಳು ಬಾಯಿ ಬಿಟ್ಟು ಮಾತಾಡುವವರೆಗೆ ನಾನೂ ಮಾತಾಡುವುದಿಲ್ಲ.

ಬೋರ್ಡಿನ ವಿಷಯ ಮುಗಿಯಿತು ಅಂದುಕೋ. ‘ಇಲ್ಲಿ ತಂಬಾಕು ಮಾರಬೇಡಿ, ತಿನ್ನಬೇಡಿ’ ಎಂದು ಬಿಡಿಸಿ ಬರೆಯುತ್ತೇನೆಂದು ಪ್ರವೀಣ ಒಪ್ಪಿದ್ದಾನೆ. ಒಪ್ಪುವಾಗ ಅವನ ಬಾಯಲ್ಲಿ ಗುಟ್ಕಾ ಇದ್ದದ್ದರಿಂದ ತಲೆ ಮಾತ್ರ ಆಡಿಸಿದ.

ಭಾವನಿಗೆ ನಮಸ್ಕಾರ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದವರು ಆಳುಗಳ ಲೈನ್‌ಮನೆಗಳ ಹಿಂದೆ ನಿಂತು ಸಿಗರೇಟು ಸೇದುವುದು ನನಗೆ ಗೊತ್ತಿದೆ ಎಂದು ತಿಳಿಸು. ಪಾಪುವಿಗೆ ಹೊಸ ಹಲ್ಲಿನ ಮೇಲೆ ಒಂದು ಮುತ್ತು. ನಿಮ್ಮ ಕೊಡ್ಲಿಪೇಟೆಯಲ್ಲಿ ಎಲ್ಲರೂ ತಣ್ಣಗಿರಿ.

ನಿನ್ನ
ತೇಜಸ್ವಿನಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲಿನದನ್ನು ಬರೆಯುವಾಗ ನನಗೆ ಗೊತ್ತಿರಲಿಲ್ಲ. ಪತ್ರದ ಲಕೋಟೆ ಅಂಟಿಸಲು ಗೋಂದು ಹುಡುಕುತ್ತಾ ಅಜ್ಜಿಯ ಕೋಣೆಗೆ ಹೋದೆ. ಅವಳು ಕಿಟಕಿಯ ಬಳಿ ಕೂತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು, ಚಿತ್ರದ ಬಾಯಿಯನ್ನೂ ತನ್ನ ಬಾಯಿಯನ್ನೂ ಹೋಲಿಸಿ ನೋಡುತ್ತಿದ್ದಳು. ಅವಳು ಮುನಿಸಿಕೊಂಡಿರಲಿಲ್ಲ. ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ, ಕೆನ್ನೆಯ ಒಳಗೆ ಬೆಳ್ಳಗಾಗಿದೆ. ನನ್ನನ್ನು ಕಂಡವಳೇ ಸೆರಗು ಮುಚ್ಚಿಕೊಂಡಳು. ಹಲ್ಲಿನ ಸಂದಿಯಿಂದಲೇ ಹೇಳಿದಳು:

“ನಂದೂ ಪಟ ಹಾಕಿಸ್ಬೇಡ ಕಣವ್ವ.”

ಯಾವ ಪೊಟ್ಟಣದ ಮೇಲೂ ಹಾಕಿಸುವುದಿಲ್ಲ ಎಂದು ಆಣೆ ಮಾಡಿದರೂ ನಂಬುತ್ತಿಲ್ಲ, ಮಡಿಕೇರಿಯ ಆಸ್ಪತ್ರೆಗೆ ನನ್ನ ಜೊತೆ ಬರಲು ಒಪ್ಪುತ್ತಿಲ್ಲ. ಮುಚ್ಚಳದ ಚಿತ್ರವನ್ನು ಉಗುರಿನಲ್ಲಿ ಕೆರೆಯುತ್ತಿದ್ದೇನೆ, ಬರುತ್ತಿಲ್ಲ. ನೀನು ಪಾಪುವಿನ ಹಲ್ಲು ತೋರಿಸಲು ಬಂದವಳ ಹಾಗೆ ಬಾ. ಬೇಗ ಬಾ.