ಹರಿಪ್ರಿಯಾಳ ಮೊದಲ ಓಟು

ನೆವಾರ್ಕ್, ಕ್ಯಾಲಿಫೋರ್ನಿಯಾ
ಮಾರ್ಚ್ ೮, ೨೦೦೦

ನನ್ನ ಪ್ರೀತಿಯ ಹರಿ,

ನಿನ್ನ ಕ್ಯುಪರ್ಟಿನೋ ಇಲ್ಲಿಂದ ಅರ್ಧ ಗಂಟೆ ದಾರಿ. ಫೋನಂತೂ ಕೈಗೆಟುಕುವಲ್ಲೇ ಇದೆ. ಆದರೂ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಹೇಳುವಾಗ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಸಂಜೆ ನೀನು ಫೋನಿನಲ್ಲಿ ಅತ್ತೆ. ಆರು ತಿಂಗಳಿಂದ ಗ್ರೋಸರಿ ಅಂಗಡಿಗಳ ಮುಂದೆ ಮೇಜು ಹಾಕಿಕೊಂಡು ಊರವರನ್ನೆಲ್ಲ ಮತದಾರರ ಪಟ್ಟಿಗೆ ಸೇರಿಸಿದವಳು, ಮಗಳನ್ನು ಕರೆದುಕೊಂಡು ಮತಗಟ್ಟೆಯ ಬಾಗಿಲವರೆಗೆ ಹೋಗಿ ಹಿಂತಿರುಗಿದೆಯಂತೆ. "ವೈ ನಾಟ್ ಯೂ, ಅಮ್ಮಾ?" ಎಂದು ನಿಸರ್ಗಾ ಕೇಳಿದಳಂತೆ. "ಆ ಪೋಸ್ಟ್‌ಮ್ಯಾನ್ ಮೇಲೆ ಕಂಪ್ಲೇಂಟು ಕೊಡ್ದೆ ಬಿಡಲ್ಲ ಕಣೇ" ಎಂದು ನೀನು ನನಗೆ ಹೇಳಿದೆ.

ಕೊಡಬೇಡ. ಪಾಪ, ಅವನ ತಪ್ಪೇನೂ ಇಲ್ಲ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ನೀನು ನನ್ನ ವಿಳಾಸ ಕೊಟ್ಟಿದ್ದೆಯಲ್ಲ, ನಿನ್ನ ಪೌರತ್ವದ ಕಾಗದ ಜನವರಿ ಮೂರಕ್ಕೇ ನನ್ನ ಕೈ ಸೇರಿತ್ತು. ಇಪ್ಪತ್ತನೆಯ ತಾರೀಖು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಪ್ರಮಾಣವಚನ ಸ್ವೀಕರಿಸಬೇಕೆಂದು ಅದರಲ್ಲಿತ್ತು. ಒಡೆದು ಓದಿ ಮತ್ತೆ ಅಂಟಿಸಿದವಳು ನಾನೇ. ಇಪ್ಪತ್ತನಾಲ್ಕಕ್ಕೆ ತಂದುಕೊಟ್ಟು, ಯಾರದೋ ಅಂಚೆ ಡಬ್ಬಿಗೆ ಹೋಗಿತ್ತಂತೆ ಎಂದು ಸುಳ್ಳು ಹೇಳಿದೆ.

ಸಂಕ್ರಾಂತಿಗೆ ನೀನು ಎಳ್ಳು ಬೀರಲು ಬಂದಾಗ ಅದು ನಾವು ಕುಳಿತ ಮೇಜಿನ ಡ್ರಾಯರಿನಲ್ಲೇ ಇತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ನನ್ನ ಕೈಗೆ ಪೊಟ್ಟಣ ಇಟ್ಟೆ. ನಾನು ಆಡಿದೆ. ನಿನ್ನ ಸೀರೆ ಚೆನ್ನಾಗಿದೆ ಎಂದೆ.

ಹೊಟ್ಟೆಕಿಚ್ಚು ಕಣೇ, ಬೇರೆ ಹೆಸರಿಲ್ಲ ಇದಕ್ಕೆ. ಇಬ್ಬರೂ ಒಂದೇ ದಿನ, ಒಂದೇ ಪೆನ್ನಿನಲ್ಲಿ ಅರ್ಜಿಗೆ ಸಹಿ ಹಾಕಿದೆವು. ನನ್ನ ಬೆರಳಚ್ಚು ಮಸುಕಾಗಿದೆ ಎಂದು ಎರಡು ಸಲ ವಾಪಸು ಕಳಿಸಿದರು, ನಿನ್ನದು ಮೊದಲ ಸಲಕ್ಕೇ ಸರಿಹೋಯಿತು. ನಿನ್ನ ಗಂಡ ಮಧ್ವೇಶನ ಕಂಪನಿ ಷೇರು ಏರಿತು, ನಮ್ಮವರ ಕಂಪನಿ ಬಾಗಿಲು ಹಾಕಿತು. ಎಲ್ಲರ ಮನೆ ದೋಸೆಯೂ ತೂತೇ ಅಂತಾರೆ. ನಿಮ್ಮ ಮನೆ ದೋಸೆಯಲ್ಲಿ ತೂತು ಹುಡುಕಿ ಹುಡುಕಿ ನನಗೆ ಸಾಕಾಗಿತ್ತು.

ಆದರೆ ನಿನ್ನ ಓಟು ತಪ್ಪಿಸಬೇಕೆಂದು ಮಾಡಲಿಲ್ಲ, ನಂಬು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಈ ಪ್ರೈಮರಿ ಜೂನ್‌ನಲ್ಲಿ ಎಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಜೂನ್‌ನಲ್ಲೇ ಆಗಿತ್ತಲ್ಲ. ಜೂನ್ ಹೊತ್ತಿಗೆ ಬೇರೆ ರಾಜ್ಯಗಳು ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಿ ಮುಗಿಸಿರುತ್ತವೆ, ನಮಗೆ ಉಳಿಯುವುದು ಎಂಜಲೆಲೆ ಎಂದು ಇಲ್ಲಿನ ಶಾಸಕರು ಅದನ್ನು ಮಾರ್ಚ್‌ಗೆ ಎಳೆದದ್ದು ನನಗೇನು ಗೊತ್ತು? ಸ್ವಲ್ಪ ದಿನ ನೀನೂ ನನ್ನ ಹಾಗೆ ಕಾಯಲಿ, ಜೂನ್‌ನಲ್ಲಿ ಇಬ್ಬರೂ ಒಟ್ಟಿಗೆ ಹೋಗೋಣ ಎಂದಷ್ಟೇ ನನ್ನ ಆಸೆ. ಹೆಸರು ಸೇರಿಸಲು ಫೆಬ್ರವರಿ ಏಳು ಕೊನೆಯ ದಿನವಾಯಿತು, ತಪ್ಪಿದ ನಿನ್ನ ಪ್ರಮಾಣವಚನ ಏಪ್ರಿಲ್‌ಗೆ ಹೋಯಿತು; ಅದಾಗದೆ ಪಟ್ಟಿಗೆ ಸೇರುವಂತಿಲ್ಲವಲ್ಲ.

ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಹೇಗೂ ಓಟು ಹಾಕುತ್ತೀಯಲ್ಲ ಎಂದು ಸಮಾಧಾನ ಹೇಳುವ ಮುಖ ನನಗಿಲ್ಲ. ನಿನ್ನೆ ನೀನು ಅತ್ತಾಗ ಒಂದು ಗಳಿಗೆ ನನಗೆ ಹಾಯೆನಿಸಿತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಂದು ಬಾಯಿಗೆ ಬಂದಂತೆ ಬೈಯಿ, ಆ ದೂರು ಮಾತ್ರ ಕೊಡಬೇಡ.

ಇನ್ನೂ ಹಾಗೆನ್ನಬಹುದಾದರೆ, ನಿನ್ನ
ನಿರುಪಮಾ

ತಾ.ಕ.: ಜೂನ್ ಎಂದುಕೊಂಡಿದ್ದೆ ಎಂದು ಬರೆದದ್ದು ಸುಳ್ಳು. ಕಾಗದ ಬಂದ ದಿನವೇ ನಿನಗೆ ಕೊಟ್ಟು ಬರೋಣವೆಂದು ಲಕೋಟೆಯನ್ನು ಕಾರಿನ ಕೀ ಜೊತೆ ಇಟ್ಟಿದ್ದೆ. ಪ್ರೈಮರಿ ಮಾರ್ಚ್ ಏಳಕ್ಕೆ ಎಂದು ಪೇಪರಿನಲ್ಲಿ ಓದಿದ ಮೇಲೆಯೇ ಅದನ್ನು ಡ್ರಾಯರಿಗೆ ಹಾಕಿದ್ದು.