ತೊಗಲಚೀಲಕ್ಕೆ ಕಟ್ಟಿದ ಸೆನ್ಸರ್

ಜುಲೈ ೯, ಸುಸಾಮಿರ್ ಹುಲ್ಲುಗಾವಲು

ಫೋನಿನ ಪರದೆಯ ಮೇಲೆ ಸೆನ್ಸರಿನ ಗೆರೆ ಬೆಳಿಗ್ಗೆಯೂ ಮೇಲೇಳಲಿಲ್ಲ. ತೊಗಲಚೀಲದಲ್ಲಿ ಕುದುರೆ ಹಾಲು ಹುಳಿಯಾಗುತ್ತಿದ್ದರೆ ತಂತಿಯ ತುದಿಯ ಕಡ್ಡಿ ಅದನ್ನು ಅಳೆದು ಗೆರೆಯನ್ನು ಏರಿಸಬೇಕು. ನಾಳೆಗೂ ಗೆರೆ ಏರದಿದ್ದರೆ ನಮ್ಮ ಹೆಂಗಸರ ಸಂಘದ ಈ ಹುಳಿಹಾಲು, ಕುಮಿಸ್, ಬೇಡ ಎಂದಿದ್ದಾನೆ ಪಟ್ಟಣದ ವ್ಯಾಪಾರಿ ಟೊಕ್ತೊಬೆಕ್. ಅಳತೆ ಮುಗಿಯುವ ತನಕ ಚೀಲವನ್ನು ಯಾರೂ ಮುಟ್ಟಬಾರದು ಎಂಬುದೂ ಅವನದೇ ಷರತ್ತು. ನಮ್ಮ ಕೈ ಕೊಳಕಂತೆ.

ಮಧ್ಯಾಹ್ನ ನೆರೆಯ ಸೈರಾಕಾನ್ ಬಂದವಳೇ ಅಭ್ಯಾಸದಂತೆ ಡೇರೆಯ ಬಾಗಿಲ ಬಳಿ ತೂಗುವ ಚೀಲದ ಕಡೆಗೋಲಿಗೆ ಕೈ ಹಾಕಿದಳು.

"ಮುಟ್ಬೇಡ್ವೇ!" ಎಂದೆ.

"ಯಾಕಕ್ಕಾ, ಚೀಲ ಏನು ಬಾಣಂತಿನಾ? ಒಳಗೆ ಬಂದೋರು ಕಡೀದೆ ಹೋದ್ರೆ ನಿನ್ನ ಮನೆ ಮರ್ಯಾದೆ ಏನಾಗ್ಬೇಕು?"

ನಗುತ್ತಲೇ ಕಡೆದಳು. ತಡೆಯಲು ಮನಸ್ಸಾಗಲಿಲ್ಲ. ಆಮೇಲೆ ಬಂದವರೆಲ್ಲ ಕಡೆದರು. ಸಂಜೆಗೆ ಗೆರೆ ಏರತೊಡಗಿತು. ತಳದಲ್ಲಿ ಕೂತಿದ್ದ ಹೆಪ್ಪಿನ ಜೀವಗಳಿಗೆ ಹೊಸ ಹಾಲು ತಲುಪಿತ್ತು, ಅಷ್ಟೇ.

ಸೆನ್ಸರಿನ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅದು ನಿಜವನ್ನೇ ಹೇಳುತ್ತಿತ್ತು. ದುಡಿಯುವ ಕೈಯನ್ನು ಹೊರಗಿಟ್ಟು ಆ ಕೈಯ ರುಚಿ ಮಾತ್ರ ಬೇಕೆನ್ನುವ ನಾಲಿಗೆಯ ಮೇಲಿತ್ತು ಸಿಟ್ಟು. ಅದೂ ಈಗ ತಣ್ಣಗಾಗಿದೆ. ಚೀಲ ಮೆಲ್ಲಗೆ ಗುಳುಗುಟ್ಟುತ್ತಿದೆ.

ನಾಳೆ ಅವನು ಬಂದಾಗ ಗೆರೆಯನ್ನು ಆಮೇಲೆ ತೋರಿಸುತ್ತೇನೆ. ಮೊದಲು ಕಡೆಗೋಲನ್ನು ಟೊಕ್ತೊಬೆಕ್‌ನ ಕೈಗೇ ಕೊಡುತ್ತೇನೆ. ಅವನೂ ಬಾಗಿಲಿಂದಲೇ ತಾನೇ ಬರುವುದು...