ತಂತಿಯೊಳಗಿರುವ ಯಜಮಾನರು

ತಂತಿಯಾನ ಕಂಪನಿಯ ವ್ಯವಸ್ಥಾಪಕರಿಗೆ,

ನಮಸ್ಕಾರ. ಮನುಷ್ಯರನ್ನು ತಂತಿಯ ಮೂಲಕ ಕ್ಷಣದಲ್ಲಿ ಬೇರೆ ಊರಿಗೆ ಕಳುಹಿಸುವ ನಿಮ್ಮ ಯಂತ್ರವನ್ನು ನನ್ನ ಯಜಮಾನರು ಸೋಮವಾರ ಹತ್ತಿದರು. ಇನ್ನೂ ಎಲ್ಲಿಯೂ ಇಳಿದಿಲ್ಲ. ನಿಮ್ಮ ನಿಲ್ದಾಣದ ಧ್ವನಿವರ್ಧಕದಲ್ಲಿ ಅವರ ದನಿ ಮಾತ್ರ ಕೇಳಿಸುತ್ತಿದೆ.

ದೂರು ಕೊಡಲು ಹೋದರೆ ನಿಮ್ಮ ಗುಮಾಸ್ತರು, "ಪ್ರಯಾಣಿಕರೇ ಖುದ್ದಾಗಿ ಬಂದು ಸಹಿ ಹಾಕ್ಬೇಕಮ್ಮ," ಎಂದರು.

"ಅವ್ರು ನಿಮ್ಮ ತಂತಿಯೊಳಗೇ ಇದಾರಲ್ಲಪ್ಪ," ಎಂದೆ.

"ಹಾಗಾದ್ರೆ ಹೊರಗೆ ಬಂದ್ಮೇಲೆ ಕರ್ಕೊಂಡು ಬನ್ನಿ."

ನಿನ್ನೆ ಯಜಮಾನರು, "ಊಟ ಮಾಡಿದ್ಯಾ?" ಎಂದು ವಿಚಾರಿಸಿಕೊಂಡರು. ಇವತ್ತು ನಾನು ಮಾತಾಡಿಸಿದಾಗ, "ಯಾರಮ್ಮ ನೀವು?" ಎಂದು ಕೇಳಿದರು.

ದಯವಿಟ್ಟು ಅವರನ್ನು ಬೇಗ ಹೊರಗೆ ತೆಗೆಯಿರಿ. ಅದು ನಿಮ್ಮ ಕೈಲಾಗದಿದ್ದರೆ ಅದೇ ತಂತಿಯಲ್ಲಿ ನನ್ನನ್ನೂ ಕಳುಹಿಸಿಬಿಡಿ. ಅವರಿಗೆ ಒಬ್ಬರೇ ಇದ್ದು ಅಭ್ಯಾಸವಿಲ್ಲ.

ಇಂತಿ,
ನಿಮ್ಮ ಪ್ರಯಾಣಿಕರ ಹೆಂಡತಿ